ತಾಯಿಯಿಲ್ಲದ ಮರಿಗೆ ಮೊದಲ ಹಾಲು

ಪ್ರೀತಿಯ ತಮ್ಮನಿಗೆ,

ಕುದುರೆ ಲಾಯದ ಕೆಲಸ ಒಗ್ಗಿದೆ. ಸೊಂಟನೋವು ಮಾತ್ರ ನನ್ನಷ್ಟೇ ಹಟಮಾರಿ.

ಬೆಳಿಗ್ಗೆ ಒಂದು ಕುದುರೆ ಮರಿ ಹಾಕಿ ಸತ್ತಿತು. ಫ್ರೀಜರಿನಲ್ಲಿ ಕಾದಿಟ್ಟಿದ್ದ ಬೇರೊಂದು ಕುದುರೆಯ ಗಿಣ್ಣುಹಾಲನ್ನು ಉಗುರುಬೆಚ್ಚಗೆ ಮಾಡಿ ಮರಿಗೆ ಕುಡಿಸಿದೆವು.

"ಇವತ್ತೇ ಕುಡೀಬೇಕು. ನಾಳೆ ಕೊಟ್ರೆ ರೋಗ ತಡೆಯೋ ಶಕ್ತಿ ಮೈಗೆ ಹತ್ತಲ್ಲ," ಎಂದರು ಲಾಯದ ಡಾಕ್ಟರಮ್ಮ.

"ಹೆರಿಗೆಯಲ್ಲೇ ತಾಯಿ ಸತ್ತರೆ, ಮನುಷ್ಯರ ಮಗುವಿಗೆ?" ಎಂದು ಕೇಳಿದೆ.

"ಅದಕ್ಕೆ ಆ ಶಕ್ತಿ ಹೊಟ್ಟೇಲಿದ್ದಾಗ್ಲೇ ಸಿಕ್ಕಿರುತ್ತೆ ಕಣ್ರೀ. ಹೊಕ್ಕುಳಬಳ್ಳಿ ಅಂಟಿರೋ ನಮ್ಮ ಮಾಸಲ್ಲಿ ಒಂದು ಪ್ರೋಟೀನು ಹಮಾಲಿ ಥರ ಅದನ್ನ ತಾಯಿ ರಕ್ತದಿಂದ ಹೊತ್ತು ಮಗೂಗೆ ದಾಟ್ಸುತ್ತೆ. ಕುದುರೆ ಮಾಸು ದಾಟ್ಸಲ್ಲ."

ನಿನ್ನನ್ನು ಹೆತ್ತ ಕೂಡಲೇ ಅಮ್ಮ ಹೋದಳೆಂದು, "ನನಗೆ ಹಾಲೂ ಇಲ್ಲ, ಪಾಲೂ ಇಲ್ಲ" ಅನ್ನುತ್ತೀಯಲ್ಲ. ಹಾಲು ಸಿಗಲಿಲ್ಲ, ನಿಜ. ಪಾಲನ್ನು ಅಮ್ಮ ಮೊದಲೇ ಕೊಟ್ಟು ಹೋಗಿದ್ದಾಳೆ.

ಮರಿ ಮತ್ತೆ ಹಸಿದಿದೆ, ಬಾಟಲಿ ಹಿಡಿಯಬೇಕು.

ನಿನ್ನ ಅಕ್ಕ