ಎಣಿಸಬಾರದ ಮರಿಗಳು

ಆಗಸ್ಟ್ ೧೪, ಬುಧವಾರ

ಆ ಭರ್ಜಿಗಳು ಇನ್ನೂ ಕಣ್ಣ ಮುಂದಿವೆ. ಅಜ್ಜಿಯ ಹಾಲಿನ ಹಸು ಸಂಪುವನ್ನು ನಿನ್ನೆ ಸಿಂಹಿಣಿ ಕೊಂದಿತ್ತು. ಬೆಳಗ್ಗೆ ತಮ್ಮ ಲೆಕಿಶೋನ್ ಗೆಳೆಯರನ್ನು ಕಟ್ಟಿಕೊಂಡು ಭರ್ಜಿ ಹಿಡಿದು ಅಂಗಳದಲ್ಲಿ ನಿಂತಿದ್ದ. ದನ ಸಾಕೋ ನಮ್ಮ ಮಸಾಯಿ ಜನರ ಊರಿನವರೇ ನಡೆಸೋ ಸಫಾರಿಗೆ ಜನ ಬರೋದು ಆ ಸಿಂಹಿಣಿಯನ್ನು ನೋಡೋಕೆ. ಅವರ ಜೀಪು ಓಡಿಸೋಳು ನಾನು. ಆದರೆ ಅಳುತ್ತಿದ್ದ ಅಜ್ಜಿಯ ಮುಂದೆ ಅದನ್ನು ಕೊಲ್ಲಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ?

“ಹೊರಡ್ಲಾ ಅಜ್ಜಿ?” ಅಂದ ತಮ್ಮ.

ಅಜ್ಜಿ ಕಣ್ಣೊರೆಸಿಕೊಂಡಳು. “ಎಲ್ಲಿಗೋ ಶೂರ? ಸಂಪುವನ್ನ ತಿಂದವಳೇ ಇನ್ನು ನನ್ನ ಸಂಪು. ಆ ಸಂಪು ಹಾಲು ಕೊಟ್ಟಳು, ಈ ಸಂಪು ಮೊಮ್ಮಗಳಿಗೆ ಕೆಲಸ ಕೊಟ್ಟಿದ್ದಾಳೆ. ನನ್ನ ದನದ ಮೇಲೆ ಭರ್ಜಿ ಎತ್ತೋನು ಯಾರು, ಮುಂದೆ ಬಾ!”

ಯಾರೂ ಬರಲಿಲ್ಲ. ಲೆಕಿಶೋನ್ ಮುಖ ಊದಿಸಿಕೊಂಡು ಹೋದ. ಅಜ್ಜಿ ಮನಸಾರೆ ಅಂದಳೋ, ನನಗೋಸ್ಕರ ಬಾಯಿಮಾತಿಗೆ ಅಂದಳೋ? ದಿನವಿಡೀ ಅದೇ ಕೊರೆಯುತ್ತಿತ್ತು.

ಸಂಜೆ ಮನೆಗೆ ಬಂದಾಗ ಅಜ್ಜಿ ಖಾಲಿ ಹಾಲಿನ ಸೋರೆಬುರುಡೆ ಉಜ್ಜುತ್ತಾ ಕೂತಿದ್ದಳು. “ಸಂಪು ಸಿಕ್ಕಳೇನೇ?”

“ಹೂಂ ಅಜ್ಜಿ, ಮಾರಾ ಹೊಳೆ ಹತ್ತಿರ. ಜೊತೆಗೆ ಮೂರು ಮರಿ—”

ಗಬಕ್ಕನೆ ನನ್ನ ಬಾಯಿ ಮುಚ್ಚಿದಳು. “ಥೂ! ಮನೆ ದನಕರುಗಳನ್ನ ಯಾರಾದ್ರೂ ಎಣಿಸ್ತಾರೇನೇ? ದೃಷ್ಟಿ ಆಗುತ್ತೆ!”

ನಾಳೆ ಮರಿ ಎಷ್ಟು ಅಂತ ಜೀಪಿನವರು ಕೇಳಿದರೆ ಏನು ಹೇಳೋದೋ...