ಲಾಲಮ್ಮನ ಅಂಗಳದಲ್ಲಿ ನಿಂತವನು

ಶಹಾಬಾದ, ೧೪ ಮಾರ್ಚ್ ೧೯೬೮

ಪೂಜ್ಯ ಪಾಸ್ಟರ್ ದೇವಪುತ್ರಪ್ಪನವರಿಗೆ ವಂದನೆಗಳು.

ಲೆಂಟಿನ ಉಪವಾಸಕಾಲದ ಮನೆಪ್ರಾರ್ಥನೆಗಳಲ್ಲಿ ಎಳೆಯರಿಗೆ ಪ್ರಸಂಗ ಮಾಡಲು ಕೊಡಬಾರದೆಂದು ನಾನು ಸೋಮವಾರ ಬರೆದ ಪತ್ರವನ್ನು ದಯವಿಟ್ಟು ಹರಿದುಹಾಕಬೇಕು. ಎಳೆಯರೆಂದು ಬರೆದೆನಾದರೂ ನನ್ನ ಮನಸ್ಸಿನಲ್ಲಿದ್ದವಳು ನನ್ನ ಸಂಡೇಸ್ಕೂಲಿನಲ್ಲಿ ಕಲಿತ ರೂತಮ್ಮ ಒಬ್ಬಳೇ. ಹದಿನೆಂಟು ವರ್ಷ ನಾನೇ ಹೇಳುತ್ತಿದ್ದ ಬೈಬಲಿನ ತಪ್ಪಿಹೋದ ಮಗನ ಕಥೆಯ ಭಾಗವನ್ನು ತಾವು ಅವಳಿಗೆ ಕೊಟ್ಟದ್ದು ನನಗೆ ಸಹಿಸಲಾಗಲಿಲ್ಲ.

ನಿನ್ನೆ ಸಂಜೆ ಅವಳ ಪ್ರಸಂಗವಿದ್ದ ಲಾಲಮ್ಮನ ಮನೆಗೆ ಹೋದವನು ಅಂಗಳದ ಕಲ್ಲುಹಾಸಿನ ಮೇಲೆಯೇ ನಿಂತೆ. ತಿರುಗಿ ಬಂದ ತಮ್ಮನಿಗೆ ತಂದೆ ಔತಣ ಮಾಡಿಸಿದನೆಂದು ಮುನಿದು ಒಳಗೆ ಬಾರದ ಹಿರಿಯ ಮಗನ ಮಾತು ಬಂದಾಗ ಒಳಗಿದ್ದವರೆಲ್ಲ ಕಣ್ಣೊರೆಸಿಕೊಂಡರು. ನಾನು ಹೇಳಿದಾಗ ಯಾರೂ ಅತ್ತಿರಲಿಲ್ಲ.

ಅಷ್ಟರಲ್ಲಿ ರೂತಮ್ಮ ಮಾತು ನಿಲ್ಲಿಸಿ ಹೊಸ್ತಿಲಿಗೆ ಬಂದಳು. “ಮಾಸ್ತರ, ಹೊರಗ್ಯಾಕ ನಿಂತೀರಿ? ಒಳಗ ಬರ್ರಿ. ನೀವು ಕಲಿಸಿದ್ದನ್ನೇ ಹೇಳಾಕತ್ತೀನಿ, ತಪ್ಪಾದ್ರ ಯಾರು ತಿದ್ದಬೇಕ್ರಿ?”

ಒಳಗೆ ಹೋಗಿ ಕೊನೆಯವರೆಗೆ ಕೇಳಿದೆ; ತಿದ್ದುವಂಥದ್ದು ಏನೂ ಇರಲಿಲ್ಲ.

ಮತ್ಸರ ಪೂರ್ತಿ ಹೋಗಿದೆಯೆಂದು ಹೇಳಲಾರೆ. ಆದರೂ ಒಂದು ಬಿನ್ನಹ. ಶುಭ ಶುಕ್ರವಾರದಂದು ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಮೊದಲನೆಯದಾದ ಕ್ಷಮೆಯ ಮಾತಿನ ಪ್ರಸಂಗ ಪ್ರತಿವರ್ಷ ನನ್ನದು. ಈ ಸಲ ಅದನ್ನು ರೂತಮ್ಮನಿಗೆ ಕೊಡಿರಿ. ನಾನು ಒಳಗೆ ಕುಳಿತು ಕೇಳುತ್ತೇನೆ.

ತಮ್ಮ ವಿಧೇಯ,
ಸಮುವೇಲಪ್ಪ ಮಾಸ್ತರ