ನಾಲ್ಕು ಪುಟದ ಬೆಳಕು

ಏಪ್ರಿಲ್ 13, ಭಾನುವಾರ
ಬೆಳಗಿನ ಡ್ಯೂಟಿ. ಎರಡು ಹೆರಿಗೆ, ಎರಡೂ ಹೆಣ್ಣು. ಆದರೂ ಪೇಢೆ ಬಂತು — ಆಳಂದ ಸುಧಾರಿಸುತ್ತಿದೆ.

ಸಂಜೆ ಪಾಸ್ಟರ್ ಫೋನು. ಆಳಂದ, ಅಫಜಲಪುರ, ಜೇವರ್ಗಿ, ಮೂರು ಸಭೆಗೂ ಅವರೊಬ್ಬರೇ. ಈಸ್ಟರ್ ಮುಂಜಾನೆ ಜೇವರ್ಗಿಯಲ್ಲಿರುತ್ತಾರೆ. ಆಳಂದದಲ್ಲಿ ನಾನು ಹತ್ತು ನಿಮಿಷ ಮಾತಾಡಬೇಕಂತೆ. ವಿಷಯ: ಬೈಬಲಿನಲ್ಲಿ ಯೋಹಾನ ಹೇಳುವ ಜೀವ ಮತ್ತು ಬೆಳಕು.

ಅಫಜಲಪುರದ ಕ್ರಿಸ್ಮಸ್ ಮರೆತರೋ ಏನೋ. ಅಲ್ಲಿ ಮಾತಾಡಲು ಎದ್ದು ನಿಂತೆ, ಬಾಯಿ ಒಣಗಿತು, ಆಮೆನ್ ಅಂದು ಕೂತೆ. ಎರಡು ವರ್ಷವಾಯಿತು. ನಮ್ಮ ಮನೆಯವರು ಈಗಲೂ ಊಟ ಸಾಕಾದರೆ ಎದ್ದು ನಿಂತು ಆಮೆನ್ ಅನ್ನುತ್ತಾರೆ. ಕಟ್ಟಿಕೊಂಡ ಗಂಡ! ಈ ಸಲವೂ ಮಾತು ನಿಂತರೆ ಇನ್ನೆಂದೂ ಸಭೆಯ ಮುಂದೆ ನಿಲ್ಲುವುದಿಲ್ಲ.

ಏಪ್ರಿಲ್ 15
ಆದಿಕಾಂಡದಲ್ಲಿ ಮೊದಲು ಬೆಳಕು, ಆಮೇಲೆ ಜೀವ. ಯೋಹಾನ ತಿರುಗಿಸಿಬಿಡುತ್ತಾನೆ — ಕ್ರಿಸ್ತನಲ್ಲಿದ್ದ ಜೀವವೇ ಮನುಷ್ಯರಿಗೆ ಬೆಳಕಂತೆ. ಜೀವ ಹೇಗೆ ಬೆಳಕಾಗುತ್ತದೆ? ಪುಸ್ತಕ, ಯೂಟ್ಯೂಬ್ ಎಲ್ಲ ಜಾಲಾಡಿ ನಾಲ್ಕು ಪುಟ ಬರೆದೆ. ಬಹಳ ಚೆನ್ನಾಗಿದೆ. ನನಗೇ ಅರ್ಥವಾಗಿಲ್ಲ.

ಏಪ್ರಿಲ್ 17
ಅಫ್ರೀನಳ ಹೆರಿಗೆ. ಗಂಡು. ಅಳಲೇ ಇಲ್ಲ. ಒರೆಸಿದೆ, ಬೆನ್ನು ತಿಕ್ಕಿದೆ, ಉಸಿರು ತುಂಬುವ ಬ್ಯಾಗು ಒತ್ತಿದೆ... ಒಂದು ನಿಮಿಷ. ಆಮೇಲೆ ಅತ್ತಿತು, ವಾರ್ಡೆಲ್ಲ ಕೇಳುವ ಹಾಗೆ. ಅಫ್ರೀನಳ ತಾಯಿ ಖಾಸೀಂಬಿ ನನ್ನ ಕೈ ಬಿಡಲೇ ಇಲ್ಲ. ಕೂಸನ್ನು ಸೋಮವಾರದ ತನಕ ಇಟ್ಟುಕೊಳ್ಳುತ್ತೇವೆ.

ಏಪ್ರಿಲ್ 18, ಶುಭ ಶುಕ್ರವಾರ
ವಾರ್ಡಿನಲ್ಲಿ ಪುಟ ಹಿಡಿದು ಬಾಯಿಪಾಠ. ಖಾಸೀಂಬಿ ಏನೆಂದು ಕೇಳಿದರು. ಜೀವ ಹೇಗೆ ಬೆಳಕಾಗುತ್ತದೆ ಅಂತ ಚರ್ಚಿನಲ್ಲಿ ಹೇಳಬೇಕು ಅಂದೆ.

“ಇದಕ್ಕ ನಾಕು ಪುಟ ಯಾಕ್ರಿ ಸಿಸ್ಟರ್? ನಿನ್ನೆ ನೀವಽ ನೋಡೀರಲ್ಲ.”

ಏನು ನೋಡಿದೆ? ತಿಳಿಯಲಿಲ್ಲ. ಟೆಂಪರೇಚರ್ ಬರೆದುಕೊಂಡು ಬಂದೆ.

ಏಪ್ರಿಲ್ 20, ಈಸ್ಟರ್, ಮಧ್ಯಾಹ್ನ
ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಚರ್ಚಿನ ಅಂಗಳ, ಐದೂವರೆ. ನಮ್ಮಲ್ಲಿ ಸೂರ್ಯ ಹುಟ್ಟುವ ತನಕ ದೀಪ ಹಚ್ಚುವುದಿಲ್ಲ, ಮೊಬೈಲೂ ಚೀಲದೊಳಗೆ. ಹದಿನೈದು ವರ್ಷದಿಂದ ಹೋಗುತ್ತಿದ್ದೇನೆ, ಆದರೂ ಹೊಳೆಯಲಿಲ್ಲ — ಕೂತು ಕೇಳುವವರಿಗೆ ಬೆಳಕು ಯಾಕೆ ಬೇಕು? ಎದ್ದು ನಿಂತು ಪುಟ ಬಿಚ್ಚಿದೆ. ಒಂದಕ್ಷರ ಕಾಣಲಿಲ್ಲ. ಬಾಯಿ ಒಣಗಿತು. ಬಾಯಿಪಾಠವೂ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಇವರೇ. ಆಮೆನ್ ಅನ್ನಲು ತುಟಿ ತೆರೆದಿದ್ದೆ... ಕೂಸು ಅತ್ತಾಗಿನ ಖಾಸೀಂಬಿಯ ಮುಖ ನೆನಪಾಯಿತು.

“ನಾ ಲೇಬರ್ ವಾರ್ಡಿನಾಕಿ. ಗುರುವಾರ ಒಂದು ಕೂಸು ಹುಟ್ಟಿ ಅಳಲಿಲ್ಲ. ತಲಿಮ್ಯಾಲ ದೊಡ್ಡ ಲೈಟ್ ಉರೀತಿತ್ತು. ಆದ್ರ ಯಾರಿಗೂ ಏನೂ ಕಾಣವಲ್ದಾಗಿತ್ತು. ಕೂಸು ಅತ್ತ ಮ್ಯಾಲ ಒಬ್ಬರ ಮಾರಿ ಒಬ್ಬರಿಗೆ ಕಂಡ್ತು. ಯೋಹಾನ ಹೇಳಿದ ಬೆಳಕು ಅದಽ ಇರ್ಬೇಕು.”

ಅಷ್ಟೇ. ಎರಡು ನಿಮಿಷವೂ ಆಗಲಿಲ್ಲ. ಆಮೇಲೆ ಸೂರ್ಯ ಬಂದ. ನೋಡಿದರೆ ಇವರು ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಧೂಳಂತೆ. ನನಗೆ ಬಹಳ ಸಂತೋಷವಾಯಿತು.

ಏಪ್ರಿಲ್ 21, ಸೋಮವಾರ
ಅಫ್ರೀನಳ ಡಿಸ್ಚಾರ್ಜ್. ಎಷ್ಟು ಪುಟ ಓದಿದಿರಿ ಅಂತ ಖಾಸೀಂಬಿ ಕೇಳಿದರು. ಒಂದೂ ಇಲ್ಲ ಅಂದೆ. ತಲೆ ಆಡಿಸಿದರು, ಪಾಸಾದಿರಿ ಅನ್ನುವ ಹಾಗೆ. ಕೂಸನ್ನು ವರಾಂಡದ ಬಿಸಿಲಿಗೆ ತಂದರೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿತು.

ಪಾಸ್ಟರ್ ಫೋನು. ಕ್ರಿಸ್ಮಸ್ಸಿಗೆ ಮಾತಾಡುತ್ತೀರಾ ಅಂದರು. ಎಲ್ಲಿ ಅಂದೆ. ಅಫಜಲಪುರ. ಬಾಯಿ ಒಣಗಲಿಲ್ಲ. ಹೂಂ ಅಂದುಬಿಟ್ಟೆ. ಈ ಸಲ ಪುಟ ಬರೆಯುವುದಿಲ್ಲ, ಬದಲಿಗೆ —

ಆಯಾ ಮಲ್ಕಮ್ಮ ಕೂಗುತ್ತಿದ್ದಾಳೆ. ಕೂಸಿನ ತಲೆ ಕಾಣುತ್ತಿದೆಯಂತೆ. ಬಂದೆ.